ತಿಥಿ ನೋಡಿ ಹೊರಡಿ: ಪುಣೆಯಿಂದ ಗೋವಾಕ್ಕೆ ಕಡಲಂಚಿನ ದಾರಿಯಲ್ಲಿ ಇಬ್ಬರು, ಒಂದು ಬೈಕು

ಪುಣೆಯಿಂದ ಗೋವಾಕ್ಕೆ ಹೆದ್ದಾರಿ ಹಿಡಿದರೆ ಒಂದು ದಿನದ ದಾರಿ. ನಾವು ಆರು ದಿನ ತೆಗೆದುಕೊಂಡೆವು. ತಾಮ್ಹಿಣಿ ಘಾಟ್ ಇಳಿದು ಹರಿಹರೇಶ್ವರ, ಅಲ್ಲಿಂದ ಕಡಲು ಬಲಕ್ಕಿಟ್ಟುಕೊಂಡು ಕೇಳ್ಶಿ, ಗುಹಾಗರ, ರತ್ನಾಗಿರಿ, ವಿಜಯದುರ್ಗ, ಮಾಲ್ವಣ, ರೇಡಿ. ಮೀಟರಿನಲ್ಲಿ ಒಟ್ಟು 648 ಕಿ.ಮೀ. ಈ ದಾರಿಯ ಬಗ್ಗೆ ಹೊರಡುವ ಮುಂಚೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಅದರಲ್ಲಿ ಮೊದಲನೆಯದು: ಇಲ್ಲಿ ವೇಳಾಪಟ್ಟಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹಾಕಬಾರದು, ಕಡಲಿನ ಉಬ್ಬರ ಇಳಿತದ ಲೆಕ್ಕದಲ್ಲಿ ಹಾಕಬೇಕು. ಅದಕ್ಕೆ ಬೇಕಾದ ಪುಸ್ತಕ ನಿಮ್ಮ ದೇವರ ಮನೆಯಲ್ಲೇ ಇದೆ, ಪಂಚಾಂಗ.

ಕೊಂಕಣದ ಮೀನುಗಾರರ ಸೂತ್ರ ತುಂಬ ಸರಳ. ಪಕ್ಷದ ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರ ತುಂಬುವ ಗಂಟೆ ಸಿಗುತ್ತದೆ. ಅಷ್ಟಮಿಗೆ 6 ಗಂಟೆ, ದ್ವಾದಶಿಗೆ 9, ಹುಣ್ಣಿಮೆ ಅಮಾವಾಸ್ಯೆಗೆ 15ರ ಮುಕ್ಕಾಲು, ಅಂದರೆ ಹನ್ನೊಂದೂ ಕಾಲು. ಅಲ್ಲಿಂದ ಆರು ಗಂಟೆ ಚಿಲ್ಲರೆ ಕಳೆದರೆ ಪೂರ್ತಿ ಇಳಿತ, ಮತ್ತೆ ಅಷ್ಟೇ ಹೊತ್ತಿಗೆ ಉಬ್ಬರ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಹಾಗಾಗಿ ನೀರಿಗಿಳಿಯುವ ಮುಂಚೆ ಮೊಬೈಲಿನಲ್ಲಿ ಆ ಬಂದರಿನ ಪಟ್ಟಿ ನೋಡಲೇಬೇಕು. ಆದರೆ ಯಾವ ದಿನ ಯಾವ ಊರು ಅಂತ ಯೋಜನೆ ಹಾಕಲು ಈ ಮುಕ್ಕಾಲಿನ ಮಗ್ಗಿ ಸಾಕು. ಇಲ್ಲಿಯವರ ಬಾಯಲ್ಲಿ ಉಬ್ಬರಕ್ಕೆ ಭರತಿ, ಇಳಿತಕ್ಕೆ ಓಹೋಟಿ. ಈ ಎರಡು ಪದ ಗೊತ್ತಿದ್ದರೆ ದಾರಿಯುದ್ದಕ್ಕೂ ಉಪಯೋಗ.

ನಾವು ಹೊರಟದ್ದು ಮಾರ್ಗಶಿರ ಶುದ್ಧ ದಶಮಿಗೆ. ಮಳೆಗಾಲದಲ್ಲಿ ಈ ದಾರಿ ಬೇಡ. ಘಾಟಿನಲ್ಲಿ ಜಾರಿಕೆ, ಖಾಡಿಗಳಲ್ಲಿ, ಅಂದರೆ ನದಿ ಕಡಲು ಸೇರುವ ಅಳಿವೆಗಳಲ್ಲಿ, ಗಾಡಿ ದಾಟಿಸುವ ಬೋಟಿನ ಓಡಾಟ ನಿಂತಿರುವ ಸಂಭವ.

ಕಾಗದಪತ್ರದ ವಿಷಯಕ್ಕೆ ನಾವು ಒಂದು ವಾರ ಕೊಟ್ಟೆವು, ಅದು ದಂಡವಾಗಲಿಲ್ಲ. ಆರ್‌ಸಿ, ಲೈಸೆನ್ಸ್, ವಿಮೆ, ಪಿಯುಸಿ (ಹೊಗೆ ತಪಾಸಣೆಯ ಪತ್ರ), ಇವು ಡಿಜಿಲಾಕರ್‌ನಲ್ಲಿದ್ದರೆ ಕಾನೂನಿಗೆ ಸಾಕು. ಆದರೆ ಖಾಡಿಯ ಇಳಿಜಾರುಗಳಲ್ಲಿ ಸಿಗ್ನಲ್ ಇರುವುದಿಲ್ಲ. ಒಂದೊಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಟಿನ ಕೆಳಗಿಡಿ. ವಿಮೆಯಲ್ಲಿ ಇಬ್ಬರು ಹೋಗುವವರು ನೋಡಲೇಬೇಕಾದ ಒಂದು ಮಾತಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರ ಹೊಣೆ ಸೇರುವುದಿಲ್ಲ. ಸುಪ್ರೀಂ ಕೋರ್ಟ್ 2008ರಲ್ಲೇ ಹಾಗೆ ಹೇಳಿದೆ. ಮಾಲೀಕನಿಗೆ ಕಡ್ಡಾಯವಾಗಿರುವ 15 ಲಕ್ಷದ ಅಪಘಾತ ವಿಮೆಯೂ ಓಡಿಸುವ ಮಾಲೀಕನಿಗೆ ಮಾತ್ರ. ಥರ್ಡ್ ಪಾರ್ಟಿಯ ಜೊತೆ ಸ್ವಂತ ಗಾಡಿಯ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿ ಇರಲಿ, ಹಿಂದಿನವರಿಗೆ ಅಪಘಾತ ವಿಮೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಿ. ಹೆಂಡತಿಯನ್ನು ಆರು ದಿನ ಹಿಂದೆ ಕೂರಿಸಿಕೊಂಡು ಹೋಗುವವನು ಮೊದಲು ಮಾಡಬೇಕಾದ ಖರ್ಚು ಇದು.

ಪುಣೆ ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ತೊಡಕು ಕೆಎ ನಂಬರಿನದು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಗಾಡಿ ಬಂದು ಎಷ್ಟು ತಿಂಗಳಾಯಿತು ಅಂತ ತಡೆದು ಕೇಳಿದರೆ ಕಾರಿನವರು ಟೋಲ್ ದಾಖಲೆ ತೋರಿಸುತ್ತಾರೆ, ಬೈಕಿಗೆ ಟೋಲೇ ಇಲ್ಲ. ನಮ್ಮ ಬೈಕು ಧಾರವಾಡದಿಂದ ರೈಲಿನಲ್ಲಿ ಪಾರ್ಸೆಲ್ ಆಗಿ ಬಂದಿತ್ತು, ಆ ರಸೀದಿಯ ತಾರೀಖು ಎರಡು ಕಡೆ ನಮ್ಮನ್ನು ಕಾಪಾಡಿತು. ಓಡಿಸಿಕೊಂಡು ತಂದವರು ಊರಿನ ಕೊನೆಯ ಸರ್ವಿಸ್ ಬಿಲ್ಲನ್ನಾದರೂ ಜೋಪಾನವಾಗಿಡಿ.

ಇನ್ನು ಬೈಕು. ಒಬ್ಬರೇ ಓಡಿಸುವ ಬೈಕು ಬೇರೆ, ಇಬ್ಬರು ಮತ್ತು 18 ಕಿಲೋ ಸಾಮಾನು ಹೊತ್ತ ಅದೇ ಬೈಕು ಬೇರೆ. ನಮ್ಮದು ಟ್ಯೂಬ್ ಟೈರಿನ 350 ಸಿಸಿ ಗಾಡಿ. ಹಿಂದಿನ ಶಾಕ್ ಅಬ್ಸಾರ್ಬರನ್ನು ಎರಡನೇ ಮೆಟ್ಟಿಲಿನಿಂದ ನಾಲ್ಕಕ್ಕೆ ಏರಿಸಿದೆವು. ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಬೇಕು. ಹಿಂದಿನ ಟೈರಿಗೆ ಮ್ಯಾನುಯಲ್‌ನಲ್ಲಿ ಒಬ್ಬರಿದ್ದಾಗ 32, ಇಬ್ಬರಿದ್ದಾಗ 36 ಪಿಎಸ್‌ಐ ಅಂತ ಇದೆ. ಟೈರು ತಣ್ಣಗಿರುವಾಗ ನೋಡಬೇಕು. ಚೈನಿನ ವಿಷಯದಲ್ಲಿ ಬಹಳ ಜನ ತಪ್ಪುವುದು ಇಲ್ಲಿ: ಸ್ಟ್ಯಾಂಡ್ ಹಾಕಿದಾಗ ಬಿಗಿಯಾಗಿ ಚೆಂದ ಕಾಣುವ ಚೈನು, ಇಬ್ಬರು ಕೂತು ಹಿಂಬದಿ ತಗ್ಗಿದಾಗ ತಂತಿಯಂತೆ ಬಿಗಿಯುತ್ತದೆ. ಆ ಎಳೆತ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಮ್ಯಾನುಯಲ್ ಹೇಳಿದ ಸಡಿಲದ ಗರಿಷ್ಠ ಮಿತಿಗೇ ಇಟ್ಟು, ಇಬ್ಬರೂ ಕೂತು, ಮೂರನೆಯವರಿಂದ ಚೈನು ಮುಟ್ಟಿಸಿ ನೋಡಿ. ಇನ್ನೂ ಸ್ವಲ್ಪ ಆಡುತ್ತಿದ್ದರೆ ಸರಿ. ಹಿಂಬದಿ ತಗ್ಗಿದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ಇಳಿಸಬೇಕು.

ಸಾಮಾನಿನ ಭಾರ ಕೆಳಗಿರಲಿ, ಹಿಂದಿನ ಆಕ್ಸಲ್‌ಗಿಂತ ಮುಂದಿರಲಿ. ಸೀಟಿನ ತುದಿಯಾಚೆ ಎತ್ತರಕ್ಕೆ ಕಟ್ಟಿದ ಚೀಲ ಮುಂದಿನ ಚಕ್ರವನ್ನು ಹಗುರ ಮಾಡಿ ತಿರುವಿನಲ್ಲಿ ಹ್ಯಾಂಡಲ್ ತೂರಾಡಿಸುತ್ತದೆ. ಸೈಲೆನ್ಸರ್ ಬದಿಯ ಚೀಲಕ್ಕೂ ಸೈಲೆನ್ಸರಿಗೂ ನಾಲ್ಕು ಬೆರಳು ಅಂತರ ಬೇಕು, ಅದನ್ನು ಚೀಲ ತುಂಬಿ ಇಬ್ಬರೂ ಕೂತ ಮೇಲೆ ಅಳೆಯಿರಿ. ಜೊತೆಗೆ ಕೊಂಡೊಯ್ದದ್ದು: ಮುಂದಿನದೊಂದು ಹಿಂದಿನದೊಂದು ಟ್ಯೂಬ್, ಎರಡು ಟೈರ್ ಲಿವರ್, ಕೈಪಂಪು, ಹಿಂದಿನ ಆಕ್ಸಲ್ ನಟ್ಟಿಗೆ ಕೂರುವ ಸ್ಪ್ಯಾನರ್, ಕ್ಲಚ್ ಕೇಬಲ್ಲು, ಚೈನಿನ ಎಣ್ಣೆ, ಜೇಬಿನಲ್ಲಿಡುವ ಪ್ರೆಷರ್ ಗೇಜು. ಇಬ್ಬರಿಗೂ ಐಎಸ್ಐ ಗುರುತಿನ ಹೆಲ್ಮೆಟ್. ಮತ್ತೆ ನಮ್ಮ ಬಗೆಯ ಬುತ್ತಿ, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಮಧ್ಯಾಹ್ನ ಮೂರಕ್ಕೆ ಇಲ್ಲಿ ಖಾನಾವಳಿಗಳು ಮುಚ್ಚಿಬಿಡುತ್ತವೆ.

ಬೆಳಿಗ್ಗೆ ಆರಕ್ಕೆ ಚಾಂದನಿ ಚೌಕದಿಂದ ಹೊರಟು ಪೌಡ್, ಮುಳಶಿ ದಾಟಿ ತಾಮ್ಹಿಣಿ. ಮುಳಶಿಯ ಹಿನ್ನೀರಿನ ಪಕ್ಕ ಮಂಜು ಕವಿದಿತ್ತು, ಘಾಟಿನ ಇಳಿಜಾರು ಒದ್ದೆ. ಭಾರ ಹೊತ್ತ ಬೈಕನ್ನು ಬ್ರೇಕಿನ ಮೇಲೇ ಇಳಿಸಿದರೆ ಬಿಸಿಯೇರಿ ಹಿಡಿತ ತಪ್ಪುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ತಡೆಯಲಿ. ಹಿಂದೆ ಕೂತವರು ತಿರುವಿನಲ್ಲಿ ನೆಟ್ಟಗಾಗಬಾರದು, ಓಡಿಸುವವನ ಒಳಭುಜದ ಮೇಲಿಂದ ರಸ್ತೆ ನೋಡಿದರೆ ಮೈ ತಾನಾಗಿ ಸರಿಯಾದ ಕಡೆ ವಾಲುತ್ತದೆ. ಭುಜಕ್ಕೆ ಒಂದು ತಟ್ಟು ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸು. ಇದಿಷ್ಟನ್ನೇ ಮಾತಾಡಿಕೊಂಡಿದ್ದೆವು, ಅದು ಆರೂ ದಿನ ಸಾಕಾಯಿತು. ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ನಡೆಯಲೇಬೇಕು. ಹಿಂದಿನ ಸೀಟಿನವರ ಬೆನ್ನು ಮೊದಲು ಸೋಲುತ್ತದೆ, ಅವರು ಅದನ್ನು ಕೊನೆಗೆ ಹೇಳುತ್ತಾರೆ.

ಮಾಣಗಾವ್, ಮ್ಹಸಳಾ ದಾಟಿ ಹರಿಹರೇಶ್ವರ ಮುಟ್ಟಿದಾಗ ಮಧ್ಯಾಹ್ನ ಒಂದು. ದಶಮಿಯ ಉಬ್ಬರ ಬೆಳಿಗ್ಗೆ ಏಳೂವರೆಗೆ, ಇಳಿತ ಒಂದೂ ಮುಕ್ಕಾಲಿಗೆ. ದೇವಸ್ಥಾನದ ಪ್ರದಕ್ಷಿಣೆಯ ದಾರಿ ಗುಡ್ಡದಿಂದ ಕಡಲಿನ ಬಂಡೆಗಳ ಮೇಲೆ ಇಳಿಯುತ್ತದೆ. ಇಳಿತದಲ್ಲಿ ಮಾತ್ರ ಅದು ದಾರಿ, ಉಬ್ಬರದಲ್ಲಿ ಅಲೆ ಬಂದು ಬಂಡೆಗೆ ಬಡಿಯುವ ಜಾಗ. ಅಲ್ಲಿ ಕೊಚ್ಚಿಹೋದವರಿದ್ದಾರೆ. ದಶಮಿ ಆರಿಸಿದ್ದೇ ಇದಕ್ಕಾಗಿ. ನೀರು ಕೊರೆದ ಬಂಡೆಯ ಗೋಡೆ ಜೇನುಗೂಡಿನ ಹಾಗೆ ತೂತುತೂತು, ನೆರಳಲ್ಲಿ ಕೈಯಿಟ್ಟರೆ ತಣ್ಣಗೆ. ಅರ್ಧ ಗಂಟೆ ಸುತ್ತಿ ಮೇಲೆ ಬಂದೆವು.

ಮರುದಿನ ಬೆಳಿಗ್ಗೆ ಬಾಗಮಾಂಡ್ಲಾದಲ್ಲಿ ಮೊದಲ ಬೋಟು. ಸಾವಿತ್ರಿ ನದಿಯ ಖಾಡಿ ದಾಟಿ ವೇಸ್ವಿಗೆ ಹೋಗುತ್ತದೆ. ಸಿಗಂದೂರಿನ ಲಾಂಚ್ ಹತ್ತಿದವರಿಗೆ ನೋಟ ಹೊಸದಲ್ಲ, ಆದರೆ ಇಲ್ಲಿ ಉಪ್ಪುನೀರು, ಅದೇ ವ್ಯತ್ಯಾಸ. ನಲವತ್ತು ನಿಮಿಷ ಕಾದೆವು. ಕಾಯುವಾಗ ಹತ್ತುವವರನ್ನು ಗಮನಿಸಿ. ಬೋಟಿನ ಬಾಯಿಯ ಕಬ್ಬಿಣದ ಹಲಗೆ ಜೆಟ್ಟಿಯ ಇಳಿಜಾರಿನ ಮೇಲೆ ಒರಗಿರುತ್ತದೆ. ಆ ಇಳಿಜಾರಿನ ಕೆಳಭಾಗ ದಿನಕ್ಕೆರಡು ಸಲ ನೀರಲ್ಲಿ ಮುಳುಗಿ ಏಳುವುದರಿಂದ ಪಾಚಿ ಹಸಿರಾಗಿ ಹೊಳೆಯುತ್ತಿರುತ್ತದೆ. ಹಲಗೆಗೂ ಕಾಂಕ್ರೀಟಿಗೂ ನಡುವೆ ಒಂದು ಗೇಣಿನ ಮೆಟ್ಟಿಲು, ಅಲೆ ಬಂದಾಗಲೆಲ್ಲ ಅದು ಏರಿ ಇಳಿಯುತ್ತದೆ. ಹಿಂದಿನವರು ಮೊದಲೇ ಇಳಿದು ನಡೆದು ಹತ್ತಲಿ. ಓಡಿಸುವವನು ಮೊದಲ ಗೇರಿನಲ್ಲಿ, ನೆಟ್ಟಗೆ, ನಿಲ್ಲದೆ ಹೋಗಬೇಕು. ಆ ಒದ್ದೆ ಕಬ್ಬಿಣದ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಚಕ್ರ ಕಾಲಡಿಯಿಂದ ಕಿತ್ತುಕೊಂಡು ಹೋಗುತ್ತದೆ. ನಮ್ಮ ಮುಂದಿನ ಸ್ಕೂಟರಿನವರು ಹಾಗೇ ಬಿದ್ದರು, ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತು. ಮೇಲೆ ಹೋದ ಮೇಲೆ ಬೋಟಿನ ಉದ್ದಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ಗೇರಿನಲ್ಲೇ ಬಿಟ್ಟು, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಸೈಡ್ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲೇ ನಿಂತಿರಿ. ಈ ಬೋಟು, ಮುಂದೆ ದಾಭೋಳ್‌ನಿಂದ ಧೋಪಾವೆಗೆ ವಾಶಿಷ್ಠಿ ದಾಟುವ ಬೋಟು, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ ನದಿ ದಾಟುವ ಬೋಟು, ಮೂರೂ ಸೇರಿ ಬೈಕು ಮತ್ತು ಇಬ್ಬರಿಗೆ 300 ರೂಪಾಯಿ ಮುಟ್ಟಲಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಹರ್ಣೈ ಬಂದರಿನ ಮೀನಿನ ಹರಾಜು ಸಂಜೆ ನಾಲ್ಕರ ನಂತರ ರಂಗೇರುತ್ತದೆ. ದೋಣಿಯಿಂದ ದಡಕ್ಕೆ ಎತ್ತಿನಗಾಡಿಗಳು ನೀರೊಳಗೇ ಇಳಿದು ಮೀನು ಹೊತ್ತು ತರುತ್ತವೆ. ಬೈಕನ್ನು ಮೇಲೆ ರಸ್ತೆಯಲ್ಲೇ ಬಿಡಿ. ಆ ಮರಳಿಗೆ ಭಾರದ ಗಾಡಿ ಇಳಿಸಿದರೆ ಹೂತುಹೋಗುತ್ತದೆ, ಚೈನಿಗೆ ಉಪ್ಪು ಮರಳು ಮೆತ್ತುತ್ತದೆ. ಆ ರಾತ್ರಿ ಗುಹಾಗರ.

ಮೂರನೇ ದಿನ ದ್ವಾದಶಿ, ಉಬ್ಬರ ಒಂಬತ್ತಕ್ಕೆ. ಎಂಟೂವರೆಗೇ ಹೇದವಿಯಲ್ಲಿದ್ದೆವು. ಹತ್ತು ತೋಳಿನ ಗಣಪತಿಯ ಗುಡಿ ಮೇಲೆ, ಕೆಳಗೆ ಕಡಲ ದಡದಲ್ಲಿ ಬಾಮಣಘಳ. ಕಪ್ಪು ಬಂಡೆಯಲ್ಲಿ ಆಳುದ್ದದ ಇಕ್ಕಟ್ಟಾದ ಸೀಳು. ಮೊದಲು ಸೀಳಿನ ತಳದಲ್ಲಿ ಗುಳುಗುಳು ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಒಳಗಿನ ಗಾಳಿ ಉಸಿರೆಳೆದುಕೊಂಡ ಹಾಗೆ. ನಂತರ ನೀರು ಧಡ್ ಅಂತ ಬಿಳಿ ಕಂಬವಾಗಿ ಮೇಲೆದ್ದು ತಲೆಯ ಮೇಲಿಂದ ಸುರಿಯುತ್ತದೆ. ನಾಲ್ಕು ಸಣ್ಣ ಅಲೆಗೆ ಒಂದು ದೊಡ್ಡದು. ಸಣ್ಣವನ್ನು ನೋಡಿ ಧೈರ್ಯ ತಂದುಕೊಂಡು ಹತ್ತಿರ ಹೋಗಬೇಡಿ. ಇಳಿತದಲ್ಲಿ ಬಂದರೆ ಬರೀ ಸೀಳು ನೋಡಿ ವಾಪಸು ಹೋಗುತ್ತೀರಿ. ನಾವಿದ್ದಾಗಲೇ ಊಟಕ್ಕೆ ಹೋಗಿ ಎರಡು ಗಂಟೆಗೆ ಬರೋಣ ಅಂತ ಹೊರಟವರಿದ್ದರು, ಅವರಿಗೆ ಹೇಳಿ ನಿಲ್ಲಿಸಿದೆವು.

ಗಣಪತಿಪುಳೆ, ಆರೆವಾರೆಯ ಕಡಲಂಚು, ರತ್ನಾಗಿರಿ. 1885ರಲ್ಲಿ ಬ್ರಿಟಿಷರು ಗಡೀಪಾರು ಮಾಡಿದ ಬರ್ಮಾದ ಕೊನೆಯ ದೊರೆ ಥೀಬಾ ತೀರಿಕೊಂಡದ್ದು ಈ ಊರಿನಲ್ಲಿ, 1916ರಲ್ಲಿ. ಅವನ ಅರಮನೆಯ ಜಗಲಿಯಿಂದ ಕಡಲು ಕಾಣುತ್ತದೆ, ತನ್ನ ನಾಡು ಕಾಣದ ಕಡಲು. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ತಪ್ಪು ಆದದ್ದು ಮರುದಿನ ಬೆಳಿಗ್ಗೆ. ಒಂದು ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದೆವು, ಅಲ್ಲಿಯ ಹುಡುಗ ಎಲ್ಲ ಬೈಕಿಗೂ ಮಾಡುವ ಹಾಗೆ ಹಿಂದಕ್ಕೆ 32 ಮಾಡಿ ಕಳಿಸಿದ. ಗೇಜು ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಪಾವಸ್ ದಾಟಿ ಕಶೇಳಿಗೆ ಹೋಗುವಾಗ ಗುಂಡಿಯ ಅಂಚಿಗೆ ಹಿಂದಿನ ಚಕ್ರ ಹೊಡೆದು ನೂರು ಮೀಟರಿನಲ್ಲಿ ಗಾಳಿ ಇಳಿಯಿತು. ಟ್ಯೂಬ್ ತೆಗೆದರೆ ಅಕ್ಕಪಕ್ಕ ಎರಡು ಸಣ್ಣ ಸೀಳು, ಹಾವು ಕಚ್ಚಿದ ಹಾಗೆ. ಮೊಳೆ ಚುಚ್ಚಿದರೆ ಒಂದೇ ತೂತು. ಎರಡು ಸೀಳಿದ್ದರೆ ಗಾಳಿ ಕಡಿಮೆಯಾಗಿ ರಿಮ್ಮು ಟ್ಯೂಬನ್ನು ನೆಲಕ್ಕೆ ಒತ್ತಿ ಕಚ್ಚಿದೆ ಅಂತ ಅರ್ಥ. ಅದಕ್ಕೆ ದಾರಿಯಲ್ಲಿ ತೇಪೆ ಹಾಕುತ್ತಾ ಕೂರಬೇಡಿ, ಹೊಸ ಟ್ಯೂಬ್ ಹಾಕಿ. ಸಾಮಾನೆಲ್ಲ ಇಳಿಸಿ, ಸೆಂಟರ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟು, ಚಕ್ರ ಬಿಚ್ಚಿ ಹಾಕಲು ಒಂದೂ ಮುಕ್ಕಾಲು ಗಂಟೆ. ಹೊಸ ಟ್ಯೂಬಿಗೆ ಮೊದಲು ಸ್ವಲ್ಪ ಗಾಳಿ ತುಂಬಿಸಿ ದುಂಡಗೆ ಮಾಡಿಕೊಂಡರೆ ಲಿವರ್ ಅದನ್ನು ಚುಚ್ಚುವುದಿಲ್ಲ. ಕೊನೆಯ ಗೇಣು ಟೈರನ್ನು ವಾಲ್ವಿನ ಬಳಿ ಏರಿಸಬೇಕು, ಎದುರು ಬದಿಯಲ್ಲಿ ಟೈರಿನ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿದಿರಬೇಕು. ಬಲ ಹಾಕಿ ಎತ್ತುವ ಸ್ಥಿತಿ ಬಂದರೆ ಎದುರು ಬದಿ ತಗ್ಗಿಗೆ ಇಳಿದಿಲ್ಲ ಅಂತಲೇ ತಿಳಿಯಿರಿ.

ಕಶೇಳಿಯ ಕನಕಾದಿತ್ಯ ಸೂರ್ಯನ ಗುಡಿ ಬಹಳ ಜನರಿಗೆ ಗೊತ್ತು. ಅದೇ ಊರಿನ ಮುರಕಲ್ಲು ಹಾಸಿನ ಮೇಲೆ ಕೆತ್ತಿದ 18 ಮೀಟರ್ ಉದ್ದದ ಆನೆಯನ್ನು ನೋಡದೆ ಬರಬೇಡಿ. ಅದರ ಮೈಯೊಳಗೆ ಬೇರೆ ಬೇರೆ ಪ್ರಾಣಿಗಳ ಗೆರೆಚಿತ್ರಗಳಿವೆ. ಕೊಂಕಣದ ಇಂಥ 9 ತಾಣಗಳು 2022ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಇಲ್ಲಿ ಅವಕ್ಕೆ ಕಾತಳಶಿಲ್ಪ ಅನ್ನುತ್ತಾರೆ. ಬಿಸಿಲು ನೆತ್ತಿಗೇರಿದಾಗ ಗೆರೆ ಕಾಣುವುದಿಲ್ಲ. ಓರೆ ಬಿಸಿಲು ಬೇಕು, ಬೆಳಿಗ್ಗೆ ಒಂಬತ್ತರೊಳಗೆ ಅಥವಾ ನಾಲ್ಕರ ಮೇಲೆ. ಪಂಕ್ಚರ್ ಆಗಿ ನಮಗೆ ಆ ಹೊತ್ತು ತಪ್ಪಿತು, ಆನೆಯ ಬೆನ್ನನ್ನು ಹುಡುಕಿ ಹುಡುಕಿ ನೋಡಬೇಕಾಯಿತು. ರಾಜಾಪುರ ತಾಲ್ಲೂಕಿನ ದೇವಾಚೆ ಗೋಠಣೆಯಲ್ಲಿ ಮನುಷ್ಯಾಕೃತಿಯ ಕೆತ್ತನೆಯ ಬಳಿ ದಿಕ್ಸೂಚಿ ಇಟ್ಟರೆ ಮುಳ್ಳು ದಿಕ್ಕು ತಪ್ಪುತ್ತದೆ. ಎರಡು ಹೆಜ್ಜೆ ಸರಿದರೆ ಮತ್ತೆ ಬೇರೆ ಕಡೆ ತೋರಿಸುತ್ತದೆ. ಹತ್ತು ರೂಪಾಯಿಯ ಆಟಿಕೆ ದಿಕ್ಸೂಚಿಯೂ ಸಾಕು. ಮೊಬೈಲಿನಲ್ಲಿ ನೋಡುವವರು ಕಾಂತವಿರುವ ಕವರ್ ತೆಗೆದಿಡಿ. ಚಪ್ಪಲಿ ಬಿಟ್ಟು, ಕೆತ್ತನೆಯ ಗೆರೆ ತುಳಿಯದೆ ನಡೆಯಿರಿ. ಬೈಕನ್ನು ಆ ಬಂಡೆಹಾಸಿನ ಮೇಲೆ ತರಲೇಬೇಡಿ.

ವಿಜಯದುರ್ಗದ ಕೋಟೆಯಲ್ಲಿ ‘ಸಾಹೇಬಾಚೆ ಕಟ್ಟೆ’ ಅಂತ ಕಲ್ಲಿನ ಕಟ್ಟೆಗಳಿವೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಇಲ್ಲಿಂದ ನೋಡಿದರು, ಹೀಲಿಯಂ ಸಿಕ್ಕಿದ್ದು ಇಲ್ಲೇ ಅಂತ ಊರಿನ ಮಾತು. ಆದರೆ ಇಂಗ್ಲಿಷ್ ಖಗೋಳ ವಿಜ್ಞಾನಿ ಲಾಕಿಯರ್ ಸೂರ್ಯನ ಬೆಳಕಿನಲ್ಲಿ ಹೀಲಿಯಂನ ಗುರುತಾದ ಹಳದಿ ಗೆರೆಯನ್ನು ಕಂಡದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಇಂಗ್ಲೆಂಡಿನಲ್ಲಿದ್ದುಕೊಂಡು. ಹೀಲಿಯಂನ ಜೊತೆ ಹೆಸರು ಕೇಳಿಬರುವ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಗ್ರಹಣದ ದಿನ ಇದ್ದದ್ದು ಗುಂಟೂರಿನಲ್ಲಿ. ನಮ್ಮವರಿಗೆ ಹೇಳಲೇಬೇಕಾದದ್ದು, ಅದೇ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ದೂರದರ್ಶಕ ಹೂಡಿ ನೋಡಿದ್ದರು. ಆ ದಿನದ ನೆರಳು ಈ ಕಟ್ಟೆಯ ಮೇಲಿಂದ ನಮ್ಮ ಊರುಗಳತ್ತ ಹಾದುಹೋಗಿತ್ತು ಅಂತ ನೆನೆದಾಗ ಕೋಟೆ ಹತ್ತಿದ ದಣಿವು ಆರಿತು.

ದೇವಗಡದಲ್ಲಿ ಒಂದು ರಾತ್ರಿ, ಕುಣಕೇಶ್ವರ ನೋಡಿ ಮಾಲ್ವಣದಲ್ಲಿ ಒಂದು ರಾತ್ರಿ. ಈ ಭಾಗದ ರಸ್ತೆ ಸುಲಭ, ಬರೆಯುವಂಥದ್ದು ಕಡಿಮೆ. ಬೆಳಿಗ್ಗೆ ಆಂಬೋಳಿ (ಇಲ್ಲಿಯ ದಪ್ಪ ದೋಸೆ) ಮತ್ತು ಕಾಳಿನ ಉಸಳ್ ತಿನ್ನಿ, ಮಧ್ಯಾಹ್ನ ಕೋಕಂ ಮತ್ತು ತೆಂಗಿನಹಾಲಿನ ಸೋಲ್‌ಕಢಿ ಬಿಡಬೇಡಿ.

ಆರನೇ ದಿನ ಹುಣ್ಣಿಮೆ. ರೇಡಿಯ ಕಬ್ಬಿಣದ ಅದಿರಿನ ಗಣಿಯಲ್ಲಿ 1976ರಲ್ಲಿ ಸಿಕ್ಕ ಎರಡು ತೋಳಿನ ದೊಡ್ಡ ಗಣಪತಿಯನ್ನು ನೋಡಿ, ಕೆಂಪು ಧೂಳಿನ ರಸ್ತೆಯಲ್ಲಿ ತೇರೆಖೋಲ್ ನದಿಯ ದಡಕ್ಕೆ ಬಂದಾಗ ನಾಲ್ಕೂವರೆ. ಎದುರು ದಡದಲ್ಲಿ ಗೋವಾದ ಕೇರಿ ಅನ್ನುವ ಊರು. ಬೋಟು ಕೆಸರಿಗೆ ಮೂತಿಯಿಟ್ಟು ನಿಂತಿತ್ತು. ಹನ್ನೊಂದೂ ಕಾಲಿಗೆ ಉಬ್ಬರವಾದರೆ ಐದೂವರೆಗೆ ಇಳಿತ, ಅದರಲ್ಲೂ ಹುಣ್ಣಿಮೆಯ ಇಳಿತ ಅತಿ ಆಳದ್ದು. ಬೋಟಿಗೆ ತಳ ತಾಗದಷ್ಟು ನೀರೇ ಇರಲಿಲ್ಲ. ಐದು ದಿನ ಮುಕ್ಕಾಲಿನ ಮಗ್ಗಿ ಹೇಳಿಕೊಂಡು ಬಂದವರು ಕೊನೆಯ ದಿನದ ಲೆಕ್ಕ ಹಾಕದೆ ಮಾಲ್ವಣದಲ್ಲಿ ಊಟಕ್ಕೆ ತಡಮಾಡಿದ್ದೆವು. ನೀರು ಏರಲು ಏಳರವರೆಗೆ ಕಾಯಬೇಕು ಅಂದರು. ಹಿಂದಿರುಗಿ ಶಿರೋಡಾ ಮೇಲೆ ಆರೋಂದಾಕ್ಕೆ ಬಂದು, ಕಿರಣಪಾಣಿಯ ಸೇತುವೆ ದಾಟಿ ಗೋವಾ ಸೇರಿದೆವು. ಮುಕ್ಕಾಲು ಗಂಟೆಯ ಸುತ್ತು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗುವವರು ತೇರೆಖೋಲನ್ನು ಮಧ್ಯಾಹ್ನ ಎರಡರೊಳಗೆ ದಾಟಿ, ಇಲ್ಲವಾದರೆ ನೇರ ಸೇತುವೆಗೇ ಹೋಗಿ. ಗೋವಾ ಹೊಕ್ಕ ಮೇಲೆ ಹೊರರಾಜ್ಯದ ನಂಬರು ನೋಡಿ ಒಮ್ಮೆ ತಡೆದರು. ಲೈಸೆನ್ಸ್, ಪಿಯುಸಿ, ಇಬ್ಬರ ಹೆಲ್ಮೆಟ್, ಐದು ನಿಮಿಷದಲ್ಲಿ ಬಿಟ್ಟರು.

ಖರ್ಚು: ಪೆಟ್ರೋಲ್ 21 ಲೀಟರಿಗೆ ಸುಮಾರು 2,200 ರೂಪಾಯಿ, ಐದು ರಾತ್ರಿಯ ಹೋಂಸ್ಟೇ 7,600, ಊಟ ತಿಂಡಿ 4,800, ಬೋಟು ಮತ್ತು ಹೊಸ ಟ್ಯೂಬ್ ಸೇರಿ 800ರ ಒಳಗೆ. ಗೋವಾದಲ್ಲಿ ಪೆಟ್ರೋಲ್ ಮಹಾರಾಷ್ಟ್ರಕ್ಕಿಂತ ಅಗ್ಗ, ಟ್ಯಾಂಕ್ ಅಲ್ಲಿ ತುಂಬಿಸಿಕೊಳ್ಳಿ.

ಆ ರಾತ್ರಿ ಉಳಿದುಕೊಂಡ ಮನೆಯ ಬಾವಿಕಟ್ಟೆಯ ಬಳಿ ನಾಲ್ಕು ಬಕೆಟ್ ಸಿಹಿನೀರು ಸೇದಿ ಬೈಕು ತೊಳೆದೆವು. ಉಪ್ಪು ಹೆಚ್ಚು ಕೂರುವುದು ಸ್ಪೋಕಿನ ಬುಡ, ಬ್ರೇಕ್ ಪೆಡಲಿನ ಕೀಲು, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು ಮತ್ತು ಮಡ್‌ಗಾರ್ಡಿನ ಒಳಮೈಯಲ್ಲಿ. ಪ್ರೆಷರ್ ಪೈಪು ಬೇಡ, ಅದು ಉಪ್ಪುನೀರನ್ನು ಬೇರಿಂಗಿನೊಳಕ್ಕೆ ನೂಕುತ್ತದೆ. ಚೈನು ಒರೆಸಿ ಎಣ್ಣೆ ಹಚ್ಚುವಾಗ ಅಳೆದರೆ ಸಡಿಲ ಹೊರಟಾಗಿನದಕ್ಕಿಂತ 8 ಮಿ.ಮೀ. ಹೆಚ್ಚಾಗಿತ್ತು. ಎರಡೂ ಬದಿಯ ಗುರುತು ಸಮ ಮಾಡಿ ಬಿಗಿದು, ಅವಳನ್ನು ಕೂರಿಸಿ, ನಾನೂ ಕೂತು, ಮನೆಯವರ ಮಗನಿಂದ ಚೈನು ಮುಟ್ಟಿಸಿ ನೋಡಿದೆವು. ಇನ್ನೂ ಸ್ವಲ್ಪ ಆಡುತ್ತಿತ್ತು.